ವಿನಾಯಿತಿ ಕೇಳಿದವರೇ ರುಜುವಾತು ಕೊಡಬೇಕು: ಹಳೇ ಎಕ್ಸೈಸ್ ಡಿಮ್ಯಾಂಡ್ ಬಂದಾಗ ಸ್ಟೇ ಹಿಂದೆ ಓಡಬೇಕಾ?

ಪ್ರಶ್ನೆ: ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ನಮ್ಮದು ಸಣ್ಣ ಫ್ಯಾಕ್ಟರಿ. ಸ್ಟೀಲ್ ಬೀರು, ರ್ಯಾಕ್ ಮಾಡುತ್ತೇವೆ. ಸ್ವಲ್ಪ ಮಾಲು ನಮ್ಮ ಹೆಸರಲ್ಲೇ ಮಾರುತ್ತಿದ್ದೆವು. ಜಾಸ್ತಿ ಪಾಲು ಬೆಂಗಳೂರಿನ ಒಬ್ಬ ಡೀಲರ್‌ಗೆ ಹೋಗುತ್ತಿತ್ತು, ಅವರ ಬ್ರ್ಯಾಂಡ್ ಸ್ಟಿಕ್ಕರ್ ನಾವೇ ಅಂಟಿಸಿ ಕಳಿಸುತ್ತಿದ್ದೆವು. ವರ್ಷದ ವಹಿವಾಟು ಯಾವತ್ತೂ ಒಂದೂವರೆ ಕೋಟಿ ದಾಟಿಲ್ಲ. ಹಾಗಾಗಿ ಸಣ್ಣ ಕೈಗಾರಿಕೆ ವಿನಾಯಿತಿ ಇದೆ ಅಂತ ಎಕ್ಸೈಸ್ (ತಯಾರಿಕೆಯ ಮೇಲಿನ ಕೇಂದ್ರ ಸುಂಕ) ಕಟ್ಟಲಿಲ್ಲ. 2018ರ ಡಿಸೆಂಬರ್‌ನಲ್ಲಿ ಶೋಕಾಸ್ ನೋಟಿಸ್ ಬಂತು. 2014ರ ಏಪ್ರಿಲ್‌ನಿಂದ 2017ರ ಜೂನ್‌ವರೆಗೆ ಬೇರೆಯವರ ಬ್ರ್ಯಾಂಡ್ ಹಾಕಿದ ಮಾಲಿಗೆ ವಿನಾಯಿತಿ ಇಲ್ಲ ಎಂದಿದ್ದರು. ಉತ್ತರ ಕೊಟ್ಟೆವು. ಆಮೇಲೆ ವರ್ಷಗಟ್ಟಲೆ ಸದ್ದಿಲ್ಲ. ಈಗ ಹಿಯರಿಂಗ್ ಮುಗಿಸಿ ಆರ್ಡರ್ ಕಳಿಸಿದ್ದಾರೆ: ಸುಂಕ 38 ಲಕ್ಷ, ಅಷ್ಟೇ ದಂಡ, ಮೇಲೆ ಬಡ್ಡಿ. ಆರ್ಡರ್ ಕೈಗೆ ಬಂದು ಎರಡು ವಾರ ಆಯಿತು. ನಮ್ಮ ಫ್ಯಾಕ್ಟರಿ ಇರುವುದು ಹಳ್ಳಿಯಲ್ಲಿ, ಹಳ್ಳಿಗೆ ಬೇರೆ ವಿನಾಯಿತಿ ಇದೆ ಅಂತ ಹೇಳಿದ್ದೆವು. ‘ಸಾಬೀತು ಮಾಡಿಲ್ಲ’ ಎಂದು ಬರೆದಿದ್ದಾರೆ. ವಿನಾಯಿತಿ ಇಲ್ಲ ಅಂತ ಸಾಬೀತು ಮಾಡಬೇಕಾದವರು ಅವರಲ್ವಾ? ಸಂಶಯ ಇದ್ದರೆ ಅದರ ಲಾಭ ನಮಗೇ ಅಂತ ಪರಿಚಯದ ವಕೀಲರು ಹೇಳುತ್ತಾರೆ. ಹೈಕೋರ್ಟ್‌ಗೆ ಹೋಗಿ, ಬ್ಯಾಂಕ್ ಗ್ಯಾರಂಟಿ ಕೊಟ್ಟು ಸ್ಟೇ ತಂದುಬಿಡೋಣ ಅನ್ನುತ್ತಾರೆ. ಕಟ್ಟಬೇಕಾಗಿ ಬಂದರೆ ಆ ಡೀಲರ್ ಹತ್ತಿರ ವಸೂಲಿ ಮಾಡಬಹುದಾ?

ಉತ್ತರ: ನಿಮ್ಮ ಕಾಗದ ಓದಿದಾಗ ಎರಡು ಭಯ ಒಟ್ಟಿಗೆ ಕಾಣಿಸಿದವು. ಕೇಸು ಸೋತರೆ ಏನು ಗತಿ ಅನ್ನುವುದು ಒಂದು. ಕೇಸು ಮುಗಿಯುವ ಮೊದಲೇ ಬ್ಯಾಂಕ್ ಖಾತೆ ಜಪ್ತಿ ಮಾಡಿದರೆ ಏನು ಗತಿ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಸುಲಭದ ದಾರಿ ಇದೆ. ಅದಕ್ಕೆ ಹೈಕೋರ್ಟ್ ಬೇಡ, ಬ್ಯಾಂಕ್ ಗ್ಯಾರಂಟಿಯೂ ಬೇಡ. ಮೊದಲನೆಯದು ಮಾತ್ರ ನಿಮ್ಮ ಹತ್ತಿರ ಯಾವ ಕಾಗದ ಇದೆ ಎಂಬುದರ ಮೇಲೆ ನಿಂತಿದೆ. ಅಲ್ಲಿ ಇಲಾಖೆ ಬರೆದದ್ದು ಪೂರ್ತಿ ತಪ್ಪಲ್ಲ. ಹಾಗಂತ ನಿಮ್ಮ ಕೇಸು ಮುಗಿದೂ ಹೋಗಿಲ್ಲ.

ಜಿಎಸ್‌ಟಿ ಬಂದ ಮೇಲೆ ಹಳೇ ಎಕ್ಸೈಸ್ ಕೇಸು ಕಾನೂನಿನ ಮುಂದೆ ಊರ್ಜಿತವಾಗಿ ನಿಲ್ಲುತ್ತಾ ಅಂತ ಬಹಳ ಜನ ಕೇಳುತ್ತಾರೆ. ನಿಲ್ಲುತ್ತದೆ. 2017ರ ಜುಲೈ 1ರಿಂದ ನಿಮ್ಮ ಬೀರುವಿನ ಮೇಲೆ ಎಕ್ಸೈಸ್ ಹೋಯಿತು ನಿಜ. ಆದರೆ ಅದಕ್ಕೆ ಮುಂಚಿನ ಬಾಕಿ, ನೋಟಿಸ್, ಅಪೀಲು ಎಲ್ಲವನ್ನೂ ಜಿಎಸ್‌ಟಿ ಕಾಯ್ದೆಯ 174ನೇ ಕಲಮು ಉಳಿಸಿಕೊಂಡಿದೆ. ಬಾಕಿ ಖಾಯಂ ಆದರೆ ಅದನ್ನು ಜಿಎಸ್‌ಟಿ ಬಾಕಿಯಂತೆಯೇ ವಸೂಲಿ ಮಾಡಬಹುದು. ಇನ್ನು 2019ರ ‘ಸಬ್‌ಕಾ ವಿಶ್ವಾಸ್’ ರಾಜಿ ಯೋಜನೆ ಈಗ ಇಲ್ಲ. ಅದರ ಹೆಸರು ಹೇಳಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಈಗ ಸಂಶಯದ ಲಾಭದ ವಿಷಯ. ನಿಮ್ಮ ಪರಿಚಯದವರು ಹೇಳಿದ್ದು ಒಂದು ಕಾಲಕ್ಕೆ ಸರಿ ಇತ್ತು, ಈಗ ಅರ್ಧ ಮಾತ್ರ ಸರಿ. ಒಂದು ವಸ್ತುವಿನ ಮೇಲೆ ತೆರಿಗೆ ಬೀಳುತ್ತದಾ ಇಲ್ಲವಾ ಎಂಬಲ್ಲಿ ಕಾನೂನು ಅಸ್ಪಷ್ಟವಾಗಿದ್ದರೆ ಲಾಭ ಈಗಲೂ ತೆರಿಗೆ ಕಟ್ಟುವವರಿಗೇ. ಆದರೆ ತೆರಿಗೆ ಬೀಳುತ್ತದೆ ಎಂಬುದು ಖಚಿತ ಇದ್ದು, ‘ನನಗೆ ಮಾತ್ರ ಬಿಡಿ’ ಅಂತ ವಿನಾಯಿತಿ ಕೇಳುವಾಗ ಲೆಕ್ಕ ತಿರುಗುತ್ತದೆ. 2018ರ ಜುಲೈ 30ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ದಿಲೀಪ್ ಕುಮಾರ್ ಅಂಡ್ ಕಂಪನಿ ಕೇಸಿನಲ್ಲಿ ಇದನ್ನು ನೇರವಾಗಿ ಹೇಳಿತು. ವಿನಾಯಿತಿ ಅಧಿಸೂಚನೆಯನ್ನು ಬಿಗಿಯಾಗಿ ಓದಬೇಕು. ತಾನು ಅದರೊಳಗೆ ಬರುತ್ತೇನೆ ಎಂದು ತೋರಿಸುವ ಹೊಣೆ ಕೇಳುವವರದ್ದು. ಅಧಿಸೂಚನೆಯಲ್ಲಿ ಗೊಂದಲ ಇದ್ದರೆ ಲಾಭ ಸರ್ಕಾರಕ್ಕೆ. ಅದಕ್ಕೆ ಮುಂಚೆ 1997ರ ಸನ್ ಎಕ್ಸ್‌ಪೋರ್ಟ್ ತೀರ್ಪು ಇಟ್ಟುಕೊಂಡು ವಕೀಲರು ಉಲ್ಟಾ ವಾದ ಮಾಡುತ್ತಿದ್ದರು. ಆ ತೀರ್ಪನ್ನು ಈ ಪೀಠ ತಳ್ಳಿಹಾಕಿತು. 2010ರಲ್ಲೇ ಹರಿಚಂದ್ ಶ್ರೀಗೋಪಾಲ್ ಕೇಸಿನಲ್ಲಿ ಇನ್ನೊಂದು ಐವರ ಪೀಠವೂ ಹೊಣೆ ಯಾರದ್ದು ಎಂಬ ವಿಷಯದಲ್ಲಿ ಇದೇ ಮಾತು ಹೇಳಿತ್ತು.

ಇದರಲ್ಲಿ ಅನ್ಯಾಯ ಏನಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಫ್ಯಾಕ್ಟರಿ ಎಲ್ಲಿದೆ, ಯಾರ ಜಾಗ, ಯಾರ ಸ್ಟಿಕ್ಕರ್, ವರ್ಷಕ್ಕೆ ಎಷ್ಟು ಬೀರು ಹೊರಗೆ ಹೋಯಿತು, ಇದೆಲ್ಲ ಗೊತ್ತಿರುವುದು ನಿಮಗೆ. ಕಾಗದ ಇರುವುದೂ ನಿಮ್ಮ ಹತ್ತಿರವೇ.

ಆದರೆ ಎಲ್ಲ ಹೊಣೆಯೂ ನಿಮ್ಮ ಹೆಗಲಿಗೇ ಬರುವುದಿಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ. ನಿಮ್ಮ ವಸ್ತು ಸುಂಕದ ಪಟ್ಟಿಯಲ್ಲಿ ಯಾವ ಶೀರ್ಷಿಕೆಯಡಿ ಬರುತ್ತದೆ ಎಂದು ತೋರಿಸುವುದು ಇಲಾಖೆಯ ಹೊಣೆ. ಹಿಂದೂಸ್ತಾನ್ ಫೆರೋಡೋ, ಎಚ್‌ಪಿಎಲ್ ಕೆಮಿಕಲ್ಸ್ ತೀರ್ಪುಗಳು ಹೇಳಿದ್ದು ಅದನ್ನೇ. ನೀವು ಮಾಡಿದ್ದು ‘ತಯಾರಿಕೆ’ಯೇ ಹೌದು ಎಂದು ತೋರಿಸುವುದೂ ಇಲಾಖೆಯದ್ದೇ. ಲೆಕ್ಕಕ್ಕೆ ತೋರಿಸದೆ ಮಾಲು ಸಾಗಿಸಿದ್ದೀರಿ ಎಂದು ಆರೋಪ ಮಾಡಿದರೆ ಅದನ್ನೂ ಅವರೇ ಸಾಬೀತು ಮಾಡಬೇಕು. ಮತ್ತು ನಿಮಗೆ ತುಂಬಾ ಬೇಕಾದ ಮಾತು: ನೀವು ಬೇಕಂತಲೇ ಮುಚ್ಚಿಟ್ಟಿರಿ ಎಂದು ತೋರಿಸುವ ಹೊಣೆಯೂ ಅವರದ್ದೇ. ಅದಕ್ಕೆ ಆಮೇಲೆ ಬರುತ್ತೇನೆ, ಏಕೆಂದರೆ ನಿಮ್ಮ 38 ಲಕ್ಷದ ದೊಡ್ಡ ಪಾಲು ಅಲ್ಲೇ ಬಿದ್ದುಹೋಗಬಹುದು.

ನಿಮ್ಮ ವಿನಾಯಿತಿ 2003ರ 8ನೇ ಸಂಖ್ಯೆಯ ಅಧಿಸೂಚನೆಯದ್ದು. ಅದನ್ನು ಒಂದೇ ಕಟ್ಟಾಗಿ ನೋಡಬೇಡಿ, ಷರತ್ತು ಷರತ್ತಾಗಿ ಬಿಡಿಸಿ ನೋಡಿ. ಹಿಂದಿನ ವರ್ಷದ ವಹಿವಾಟು 4 ಕೋಟಿ ದಾಟಿರಬಾರದು. ಈ ವರ್ಷದ ಮೊದಲ 1.5 ಕೋಟಿಗೆ ವಿನಾಯಿತಿ. ಕಚ್ಚಾ ಮಾಲಿನ ಮೇಲೆ ಸೆನ್‌ವ್ಯಾಟ್ ಕ್ರೆಡಿಟ್ (ಅದಕ್ಕೆ ಕೊಟ್ಟ ಸುಂಕವನ್ನು ನಿಮ್ಮ ಸುಂಕದಲ್ಲಿ ಕಳೆದುಕೊಳ್ಳುವ ಸೌಲಭ್ಯ) ತೆಗೆದುಕೊಂಡಿರಬಾರದು. ಈ ಮೂರೂ ನಿಮ್ಮ ಬ್ಯಾಲೆನ್ಸ್ ಶೀಟ್, ವ್ಯಾಟ್ ರಿಟರ್ನ್ ಇಟ್ಟರೆ ತೀರಿತು, ಇಲಾಖೆಯೂ ಇಲ್ಲಿ ತಕರಾರು ಎತ್ತಿದಂತಿಲ್ಲ. ತಕರಾರು ಇರುವುದು ಬ್ರ್ಯಾಂಡ್ ಷರತ್ತಿನಲ್ಲಿ. ಬೇರೊಬ್ಬರ ಬ್ರ್ಯಾಂಡ್ ಹೆಸರು ಹೊತ್ತ ಮಾಲಿಗೆ ಈ ವಿನಾಯಿತಿ ಇಲ್ಲ.

‘ಆ ಡೀಲರ್ ಬ್ರ್ಯಾಂಡ್ ರಿಜಿಸ್ಟರ್ ಮಾಡಿಸಿಯೇ ಇಲ್ಲ’ ಅಂತ ನಿಮ್ಮ ಉತ್ತರದಲ್ಲಿ ಬರೆದಿದ್ದರೆ ಅದು ಉಪಯೋಗಕ್ಕೆ ಬರುವುದಿಲ್ಲ. ನೋಂದಣಿ ಆಗಿರಲಿ ಬಿಡಲಿ ಎಂದು ಅಧಿಸೂಚನೆಯಲ್ಲೇ ಇದೆ. ‘ಅವರ ಆರ್ಡರ್‌ಗೆ ಮಾಡಿ ಅವರಿಗೇ ಕೊಟ್ಟಿದ್ದೇವೆ, ಮಾರುಕಟ್ಟೆಗೆ ನಾವು ಬಿಟ್ಟಿಲ್ಲ’ ಎನ್ನುವ ವಾದವೂ 2005ರ ಕೊಹಿನೂರ್ ಎಲಾಸ್ಟಿಕ್ಸ್ ತೀರ್ಪಿನ ಮುಂದೆ ನಿಲ್ಲುವುದು ಕಷ್ಟ. ಅಲ್ಲಿ ಗಿರಾಕಿಗಳ ಹೆಸರು ನೇಯ್ದ ಎಲಾಸ್ಟಿಕ್ ಪಟ್ಟಿಯನ್ನು ಆ ಗಿರಾಕಿಗಳಿಗೇ ಕೊಟ್ಟಿದ್ದರು. ಆದರೂ ವಿನಾಯಿತಿ ಸಿಗಲಿಲ್ಲ. ಸ್ಟಿಕ್ಕರ್ ನೀವೇ ಅಂಟಿಸುತ್ತಿದ್ದಿರಿ ಎಂದು ನೀವೇ ಬರೆದಿದ್ದೀರಿ. ಹಾಗಾಗಿ ಬ್ರ್ಯಾಂಡ್ ಇಲ್ಲ ಎಂಬ ಜಗಳಕ್ಕೆ ಸುಮ್ನೆ ಶಕ್ತಿ ಹಾಕಬೇಡಿ.

ನಿಮ್ಮ ನಿಜವಾದ ಆಧಾರ ಗ್ರಾಮೀಣ ಪ್ರದೇಶದ ವಿನಾಯಿತಿ. ಫ್ಯಾಕ್ಟರಿ ಗ್ರಾಮೀಣ ಪ್ರದೇಶದಲ್ಲಿದ್ದರೆ ಬೇರೆಯವರ ಬ್ರ್ಯಾಂಡ್ ಹಾಕಿದರೂ ವಿನಾಯಿತಿ ಹೋಗುವುದಿಲ್ಲ. ಗ್ರಾಮೀಣ ಪ್ರದೇಶ ಯಾವುದು ಎಂಬುದಕ್ಕೆ ಅಧಿಸೂಚನೆಯಲ್ಲೇ ಅರ್ಥ ಕೊಟ್ಟಿದ್ದಾರೆ. ಭೂಕಂದಾಯ ದಾಖಲೆಯ ಪ್ರಕಾರ ಅದು ಒಂದು ಗ್ರಾಮದ ವ್ಯಾಪ್ತಿಯಲ್ಲಿರಬೇಕು. ಜೊತೆಗೆ, ಪುರಸಭೆ, ನಗರಪಾಲಿಕೆ, ಪಟ್ಟಣ ಸಮಿತಿ, ಕಂಟೋನ್ಮೆಂಟ್, ನೋಟಿಫೈಡ್ ಏರಿಯಾ ಸಮಿತಿ ಇವುಗಳ ವ್ಯಾಪ್ತಿಗೆ ಸೇರಿರಬಾರದು. ಕೇಂದ್ರವಾಗಲಿ ರಾಜ್ಯವಾಗಲಿ ಆ ಜಾಗವನ್ನು ನಗರ ಪ್ರದೇಶ ಎಂದು ಅಧಿಸೂಚಿಸಿರಬಾರದು. ಅಂದರೆ ಒಂದು ‘ಇರಬೇಕು’, ಎರಡು ‘ಇರಬಾರದು’. ಮೂರಕ್ಕೂ ಕಾಗದ ಬೇಕು.

ನೀವು ಉತ್ತರದ ಜೊತೆ ಏನು ಲಗತ್ತಿಸಿದ್ದಿರಿ ಎಂದು ಬರೆದಿಲ್ಲ. ಇಂಥ ಫೈಲುಗಳಲ್ಲಿ ನಾನು ಸಾಮಾನ್ಯವಾಗಿ ಕಾಣುವುದು ಪಂಚಾಯಿತಿ ಲೈಸೆನ್ಸಿನ ಒಂದು ಜೆರಾಕ್ಸ್ ಮತ್ತು ಪಂಚಾಯಿತಿಯವರು ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟ ‘ಸದರಿ ಫ್ಯಾಕ್ಟರಿಯು ನಮ್ಮ ಗ್ರಾಮದಲ್ಲಿರುತ್ತದೆ’ ಎಂಬ ಒಂದು ಸಾಲು. ಅದು ಸಾಲದು. ಅಧಿಸೂಚನೆ ಕೇಳುವುದು ಕಂದಾಯ ದಾಖಲೆ. ಆದ್ದರಿಂದ ಪಹಣಿ ಬೇಕು, ಗ್ರಾಮ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರ್ ಗುರುತಿಸಿದ ಪ್ರತಿ ಬೇಕು, ತಹಶೀಲ್ದಾರರ ದೃಢೀಕರಣ ಬೇಕು.

ತಹಶೀಲ್ದಾರ್ ಪತ್ರದ ಒಕ್ಕಣೆ ಬಹಳ ಮುಖ್ಯ. ಅರ್ಜಿ ಕೊಟ್ಟು ಸುಮ್ಮನೆ ಬಂದರೆ ಅವರು ‘ಸದರಿ ಸರ್ವೆ ನಂಬರ್ ಗ್ರಾಮೀಣ ಪ್ರದೇಶದಲ್ಲಿದೆ’ ಎಂದು ಇವತ್ತಿನ ತಾರೀಕು ಹಾಕಿ ಕೊಡುತ್ತಾರೆ. ಇಲಾಖೆ ಅದನ್ನು ಒಂದೇ ನೋಟಕ್ಕೆ ಪಕ್ಕಕ್ಕಿಡುತ್ತದೆ, ಏಕೆಂದರೆ ಪ್ರಶ್ನೆ ಇರುವುದು ಇವತ್ತಿನ ಬಗ್ಗೆ ಅಲ್ಲ. ಅರ್ಜಿಯಲ್ಲೇ ಅವಧಿ ಬರೆಯಿರಿ: 2014ರ ಏಪ್ರಿಲ್ 1ರಿಂದ 2017ರ ಜೂನ್ 30ರವರೆಗೆ ಈ ಸರ್ವೆ ನಂಬರ್ ಇಂಥ ಹೋಬಳಿಯ ಇಂಥ ಗ್ರಾಮಕ್ಕೆ ಸೇರಿತ್ತು, ಈ ಅವಧಿಯಲ್ಲಿ ಯಾವುದೇ ನಗರ ಸ್ಥಳೀಯ ಸಂಸ್ಥೆಯ ವ್ಯಾಪ್ತಿಗೆ ಬಂದಿರಲಿಲ್ಲ, ನಗರ ಪ್ರದೇಶ ಎಂದು ಘೋಷಣೆ ಆಗಿರಲಿಲ್ಲ. ಈ ಮೂರು ಅಂಶ ಪತ್ರದಲ್ಲಿ ಬರುವ ಹಾಗೆ ನೋಡಿಕೊಳ್ಳಿ. ಜೊತೆಗೆ ಆ ವರ್ಷಗಳ ಪಹಣಿ ಪ್ರತಿ, ಆಗ ಪಂಚಾಯಿತಿಗೆ ಕಟ್ಟಿದ ತೆರಿಗೆ ರಸೀದಿ ಇಡಿ. ಆ ಕಾಲದ ರಸೀದಿಗೆ ಇರುವ ತೂಕ ಇವತ್ತು ಬರೆಸಿಕೊಂಡ ಯಾವ ಪತ್ರಕ್ಕೂ ಇಲ್ಲ.

ಇಲಾಖೆ ಮೂರು ಆಕ್ಷೇಪ ಎತ್ತಬಹುದು. ಜಮೀನು ಭೂಪರಿವರ್ತನೆ ಆಗಿದೆ, ಆದ್ದರಿಂದ ಅದು ಗ್ರಾಮೀಣ ಅಲ್ಲ ಅನ್ನಬಹುದು. ಅದು ತಪ್ಪು. ಕೃಷಿಯೇತರ ಬಳಕೆಗೆ ಪರಿವರ್ತನೆ ಆದ ಮಾತ್ರಕ್ಕೆ ಜಾಗ ಗ್ರಾಮದಿಂದ ಹೊರಗೆ ಹೋಗುವುದಿಲ್ಲ. ಜಾಗ ನಗರ ಯೋಜನಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದೆ ಅನ್ನಬಹುದು. ಪ್ರಾಧಿಕಾರದ ನಕ್ಷೆಯೊಳಗೆ ಎಷ್ಟೋ ಹಳ್ಳಿಗಳು ಇರುತ್ತವೆ, ಅವು ಪಂಚಾಯಿತಿಯ ಕೈಯಲ್ಲೇ ಇರುತ್ತವೆ. ಪ್ರಾಧಿಕಾರ ಅಂದರೆ ನಗರಪಾಲಿಕೆ ಅಲ್ಲ. ಮೂರನೆಯದು ಸ್ವಲ್ಪ ಗಂಭೀರ: ಜಾಗ ಕೆಐಎಡಿಬಿ (ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಮಾಡಿದ ಕೈಗಾರಿಕಾ ಪ್ರದೇಶದಲ್ಲಿದ್ದರೆ ‘ಇದು ಹಳ್ಳಿಯೇ ಅಲ್ಲ’ ಅನ್ನುತ್ತಾರೆ. ಕೈಗಾರಿಕಾ ಪ್ರದೇಶ ಎಂಬ ಮಾತು ಆ ಅರ್ಥವಿವರಣೆಯಲ್ಲಿ ಎಲ್ಲೂ ಇಲ್ಲ, ಆದ್ದರಿಂದ ವಾದ ನಿಮ್ಮ ಕಡೆಗೇ ಇದೆ. ಆದರೂ ಆ ಪ್ರದೇಶದ ಘೋಷಣೆಯ ಪ್ರತಿ ತಂದು ಓದಿ. ಅದಕ್ಕೆ ಪ್ರತ್ಯೇಕ ಸ್ಥಳೀಯ ಸಂಸ್ಥೆ ಇದೆಯಾ, ನಗರ ಪ್ರದೇಶ ಎಂಬ ಘೋಷಣೆ ಬೇರೆ ಯಾವುದಾದರೂ ಇದೆಯಾ ನೋಡಿ. ಇದ್ದರೆ ನಿಮ್ಮ ವಾದ ಅಲ್ಲಿಗೆ ಮುಗಿಯಿತು. ಈಗಲೇ ತಿಳಿದುಕೊಳ್ಳುವುದು ಒಳ್ಳೆಯದು.

ಬಿಗಿಯಾಗಿ ಓದುವುದು ಅಂದರೆ ಸಣ್ಣಪುಟ್ಟ ಕಾಗದದ ಲೋಪಕ್ಕೂ ವಿನಾಯಿತಿ ಹೋಯಿತು ಅಂತಲ್ಲ. ನಮ್ಮ ರಾಜ್ಯದ್ದೇ ಒಂದು ಕೇಸು ಇದೆ, ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಜರ್ಸ್, 1991ರ ಸುಪ್ರೀಂ ಕೋರ್ಟ್ ತೀರ್ಪು. ಅದು ಮಾರಾಟ ತೆರಿಗೆಯ ರಿಯಾಯಿತಿ ಕುರಿತದ್ದು. ರಿಯಾಯಿತಿಯನ್ನು ತೆರಿಗೆಗೆ ಹೊಂದಿಸಿಕೊಳ್ಳಲು ಮುಂಚಿತ ಅನುಮತಿ ಬೇಕಿತ್ತು. ಕಂಪನಿ ಅರ್ಜಿ ಹಾಕಿತ್ತು, ಅನುಮತಿ ಸಿಕ್ಕಿರಲಿಲ್ಲ. ಬರೀ ಕಾರ್ಯವಿಧಾನದ ಷರತ್ತು ಬೇರೆ, ವಿನಾಯಿತಿಯ ಉದ್ದೇಶಕ್ಕೇ ಸೇರಿದ ಮುಖ್ಯ ಷರತ್ತು ಬೇರೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದು ಕೋರ್ಟ್ ಹೇಳಿತು. ಆದರೆ ಇದನ್ನು ಎಳೆದಾಡುವವರೂ ಇದ್ದಾರೆ. 2004ರ ಈಗಲ್ ಫ್ಲಾಸ್ಕ್ ಕೇಸಿನಲ್ಲಿ ಅಧಿಸೂಚನೆಯೇ ಕೇಳಿದ್ದ ಘೋಷಣೆ, ಮುಚ್ಚಳಿಕೆ ಕೊಟ್ಟಿರಲಿಲ್ಲ. ಅದು ಬರೀ ಔಪಚಾರಿಕತೆ ಅಲ್ಲ ಎಂದು ಕೋರ್ಟ್ ವಿನಾಯಿತಿ ನಿರಾಕರಿಸಿತು. ನಿಮ್ಮ ವಿಷಯದಲ್ಲಿ ‘ಗ್ರಾಮದಲ್ಲಿರಬೇಕು’ ಎಂಬುದು ಮುಖ್ಯ ಷರತ್ತು. ಅಲ್ಲಿ ರಿಯಾಯಿತಿ ಕೇಳುವ ಹಾಗಿಲ್ಲ. ಪಂಚಾಯಿತಿ ಲೈಸೆನ್ಸ್ ಒಂದು ವರ್ಷ ನವೀಕರಣ ಆಗಿಲ್ಲ ಎಂಬಂಥದ್ದು ಬಂದರೆ ಮಂಗಳೂರು ಕೆಮಿಕಲ್ಸ್ ನೆನಪಿಸಿ.

ಇನ್ನು ಸ್ಟೇ ವಿಷಯ. 2014ಕ್ಕೆ ಮುಂಚೆ ಅಪೀಲು ಹಾಕಬೇಕಾದರೆ ಪೂರ್ತಿ ಸುಂಕ ಕಟ್ಟಬೇಕು ಎಂಬುದು ನಿಯಮ. ಕಷ್ಟ ತೋರಿಸಿದರೆ ಟ್ರಿಬ್ಯುನಲ್ (ತೆರಿಗೆ ಅಪೀಲು ಕೇಳುವ ನ್ಯಾಯಮಂಡಳಿ) ಬಿಡಬಹುದಿತ್ತು. ಹಾಗಾಗಿ ಪ್ರತಿ ಕೇಸಿನಲ್ಲೂ ಮೊದಲು ಸ್ಟೇ ಅರ್ಜಿಯ ಜಗಳ, ಆಮೇಲೆ ನಿಜವಾದ ಜಗಳ. ಹಳಬರ ತಲೆಯಲ್ಲಿ ಆ ಕಾಲ ಇನ್ನೂ ಕೂತಿದೆ. 2014ರ ಆಗಸ್ಟ್ 6ರಿಂದ ಕೇಂದ್ರ ಎಕ್ಸೈಸ್ ಕಾಯ್ದೆಯ 35ಎಫ್ ಕಲಮು ಬದಲಾಯಿತು. ಈಗ ಕಮಿಷನರ್ (ಅಪೀಲ್ಸ್) ಮುಂದಿನ ಮೊದಲ ಅಪೀಲಿಗೆ ಸುಂಕದ ಶೇ. 7.5 ಮೊದಲೇ ಕಟ್ಟಬೇಕು, ಇದಕ್ಕೇ ಪ್ರಿ-ಡೆಪಾಸಿಟ್ ಅನ್ನುವುದು. ಕಮಿಷನರ್ (ಅಪೀಲ್ಸ್) ಆದೇಶದ ಮೇಲೆ ಟ್ರಿಬ್ಯುನಲ್‌ಗೆ ಹೋದರೆ ಶೇ. 10. ಗರಿಷ್ಠ ಮಿತಿ 10 ಕೋಟಿ. ಇದನ್ನು ಮನ್ನಾ ಮಾಡುವ ಅಧಿಕಾರ ಅಪೀಲು ಅಧಿಕಾರಿಗೂ ಇಲ್ಲ, ಟ್ರಿಬ್ಯುನಲ್‌ಗೂ ಇಲ್ಲ. ಸುಂಕ, ದಂಡ ಎರಡೂ ತಕರಾರಿನಲ್ಲಿದ್ದರೆ ಲೆಕ್ಕ ಸುಂಕದ ಮೇಲೆ ಮಾತ್ರ. ನಿಮ್ಮ 38 ಲಕ್ಷಕ್ಕೆ ಶೇ. 7.5 ಅಂದರೆ 2 ಲಕ್ಷದ 85 ಸಾವಿರ. ಅಷ್ಟು ಕಟ್ಟಿ ಅಪೀಲು ದಾಖಲಿಸಿದರೆ ಉಳಿದದ್ದಕ್ಕೆ ಬಲವಂತದ ವಸೂಲಿ ಮಾಡಬಾರದು ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ (ಈಗಿನ ಸಿಬಿಐಸಿ) 2014ರ ಸೆಪ್ಟೆಂಬರ್ 16ರ ಸುತ್ತೋಲೆ ಹೇಳುತ್ತದೆ. ಸ್ಟೇ ಅರ್ಜಿಯೇ ಬೇಡ. ನಿಮ್ಮ ಎರಡನೇ ಭಯಕ್ಕೆ ಇದೇ ಮದ್ದು.

ಚಲನ್ ಕಟ್ಟುವಾಗ ಒಂದು ಎಚ್ಚರಿಕೆ. ಜಿಎಸ್‌ಟಿ ಪೋರ್ಟಲ್ಲಿನ ಡಿಆರ್‌ಸಿ-03 ಎಂಬ ಪಾವತಿ ನಮೂನೆಯ ಮೂಲಕ ಹಳೇ ಎಕ್ಸೈಸ್ ಪ್ರಿ-ಡೆಪಾಸಿಟ್ ಕಟ್ಟಬೇಡಿ. ಅದು ಇದಕ್ಕೆ ಸರಿಯಾದ ದಾರಿ ಅಲ್ಲ ಎಂದು ಮಂಡಳಿಯೇ ಹೇಳಿದೆ. ಹಳೇ ಕೇಂದ್ರ ಎಕ್ಸೈಸ್ ಪಾವತಿಗೆ ಇರುವ ಸಿಬಿಐಸಿ ಪೋರ್ಟಲ್ಲಿನಲ್ಲೇ ಕಟ್ಟಿ. ಕಟ್ಟಿದ ರಸೀದಿ ಒಪ್ಪದೆ ಅಪೀಲು ವಾಪಸ್ ಬಂದ ಕೇಸುಗಳಿವೆ.

ಹಾಗಾದರೆ ಹೈಕೋರ್ಟಿನಲ್ಲಿ ಬ್ಯಾಂಕ್ ಗ್ಯಾರಂಟಿ ಕೊಟ್ಟು ಸ್ಟೇ? ಇದರ ಮೇಲೆ ಎಲ್ಲರೂ ಓದಲೇಬೇಕಾದ ತೀರ್ಪು 1984ರ ನವೆಂಬರ್‌ನದ್ದು, ಡನ್‌ಲಪ್ ಇಂಡಿಯಾ ಕೇಸು. ಟಯರ್ ಮೇಲಿನ ಒಂದು ವಿನಾಯಿತಿಯಲ್ಲಿ ತನಗೆ 6.05 ಕೋಟಿ ಬರಬೇಕು ಎಂದು ಕಂಪನಿ ಕಲ್ಕತ್ತಾ ಹೈಕೋರ್ಟಿಗೆ ಹೋಗಿತ್ತು. ಮೇಲ್ನೋಟಕ್ಕೆ ಕೇಸಿನಲ್ಲಿ ಹುರುಳಿದೆ ಎಂದು ಹೈಕೋರ್ಟ್ ಬ್ಯಾಂಕ್ ಗ್ಯಾರಂಟಿಯ ಮೇಲೆ ಮಧ್ಯಂತರ ಆದೇಶ ಕೊಟ್ಟಿತು. ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ. ಸರ್ಕಾರಗಳು ಬರೀ ಬ್ಯಾಂಕ್ ಗ್ಯಾರಂಟಿಗಳ ಮೇಲೆ ನಡೆಯುವುದಿಲ್ಲ ಎಂಬ ಮಾತು ಬಂದದ್ದು ಅಲ್ಲೇ. ಮೇಲ್ನೋಟಕ್ಕೆ ಕೇಸು ಇದೆ ಎಂದು ತೋರಿಸಿದರೆ ಸಾಲದು. ತಡೆ ಕೊಡದಿದ್ದರೆ ಆಮೇಲೆ ತುಂಬಿಕೊಳ್ಳಲಾಗದ ನಷ್ಟ ಆಗುತ್ತದಾ? ಯಾರಿಗೆ ಹೆಚ್ಚು ತೊಂದರೆ? ಸಾರ್ವಜನಿಕ ಹಿತಕ್ಕೆ ಧಕ್ಕೆ ಬರುತ್ತದಾ? ಇವೆಲ್ಲವನ್ನೂ ನೋಡಬೇಕು. ಕೇಸು ಸರಿ ಇದ್ದರೆ ಸ್ಟೇ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ಅದಕ್ಕೇ ತಪ್ಪು. ಸ್ಟೇ ಕೇಳುವಾಗಲೂ ರುಜುವಾತಿನ ಹೊಣೆ ನಿಮ್ಮದೇ. ಕಷ್ಟ ಅಂತ ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಬ್ಯಾಲೆನ್ಸ್ ಶೀಟ್, ಸಾಲದ ಖಾತೆ, ಸಂಬಳದ ಪಟ್ಟಿ ಇಟ್ಟು ತೋರಿಸಬೇಕು.

ನಿಮಗೆ ಅಪೀಲಿನ ದಾರಿ ತೆರೆದಿದೆ. 2.85 ಲಕ್ಷಕ್ಕೆ ವಸೂಲಿ ನಿಲ್ಲುತ್ತದೆ. ಇದನ್ನು ಬಿಟ್ಟು ರಿಟ್ (ಹೈಕೋರ್ಟಿಗೆ ನೇರ ಅರ್ಜಿ) ಹಾಕಿದರೆ ಹೈಕೋರ್ಟ್ ಕೇಳುವ ಮೊದಲ ಪ್ರಶ್ನೆಯೇ ‘ಅಪೀಲಿಗೆ ಯಾಕೆ ಹೋಗಿಲ್ಲ?’ ಎಂದು. ಹಿಯರಿಂಗ್ ಕೊಡದೆ ಆರ್ಡರ್ ಮಾಡಿದ್ದರೆ, ಅಧಿಕಾರವೇ ಇಲ್ಲದವರು ಮಾಡಿದ್ದರೆ, ಕಾನೂನಿನ ಸಿಂಧುತ್ವವನ್ನೇ ಪ್ರಶ್ನಿಸುವುದಿದ್ದರೆ ಮಾತು ಬೇರೆ. ನಿಮಗೆ ಹಿಯರಿಂಗ್ ಸಿಕ್ಕಿದೆ. ನೋಟಿಸ್ ಕೊಟ್ಟು ವರ್ಷಗಟ್ಟಲೆ ಸುಮ್ಮನಿದ್ದರಲ್ಲ, ಆ ಒಂದು ವಿಷಯದಲ್ಲಿ ರಿಟ್‌ಗೆ ಸ್ವಲ್ಪ ಜೀವ ಇದೆ. ಫೈಲನ್ನು ಕಾಲ್ ಬುಕ್‌ಗೆ (ಸದ್ಯಕ್ಕೆ ಕೈಗೆತ್ತಿಕೊಳ್ಳದೆ ಬದಿಗಿಟ್ಟ ಕೇಸುಗಳ ಪಟ್ಟಿಗೆ) ಹಾಕಿ, ಪಾರ್ಟಿಗೆ ತಿಳಿಸದೆ ವರ್ಷಾನುಗಟ್ಟಲೆ ಬಿಟ್ಟ ನೋಟಿಸ್‌ಗಳನ್ನು ಹೈಕೋರ್ಟ್‌ಗಳು ರದ್ದು ಮಾಡಿದ್ದಿದೆ. ಆದರೆ ಅದು ಆಯಾ ಕೇಸಿನ ಸಂಗತಿಯ ಮೇಲೆ ಹೋಗುತ್ತದೆ. ಮಧ್ಯದಲ್ಲಿ ನೀವೇ ಹಿಯರಿಂಗ್ ಮುಂದೂಡಿ ಎಂದು ಬರೆದಿದ್ದರೆ ಆ ವಾದ ಸತ್ತಂತೆ. ನನ್ನ ಸಲಹೆ: ವಿಳಂಬವನ್ನು ಅಪೀಲಿನಲ್ಲೇ ಒಂದು ಕಾರಣವಾಗಿ ಹಾಕಿ.

ರಿಟ್‌ನಲ್ಲಿ ಇನ್ನೊಂದು ಅಪಾಯ ಇದೆ. ಅಪೀಲಿಗೆ 60 ದಿನ. ಸಕಾರಣ ಇದ್ದರೆ ಇನ್ನೂ 30 ದಿನ ಮನ್ನಿಸಬಹುದು. ಅದರ ಮೇಲೆ ಒಂದು ದಿನ ತಡವಾದರೂ ಕಮಿಷನರ್ (ಅಪೀಲ್ಸ್) ಏನೂ ಮಾಡಲಾರರು, 2007ರ ಸಿಂಗ್ ಎಂಟರ್‌ಪ್ರೈಸಸ್ ತೀರ್ಪಿನಲ್ಲಿ ಇದು ಖಚಿತವಾಗಿದೆ. ರಿಟ್ ಹಾಕಿ ಕಾದು ಕೂತು, ಅದು ವಜಾ ಆದ ಮೇಲೆ ಅಪೀಲಿಗೆ ಓಡಿದವರ ಕಷ್ಟ ನೋಡಿದ್ದೇನೆ. ಅವರ ವಾದ ಎಷ್ಟು ಗಟ್ಟಿ ಇದ್ದರೂ ಕೇಳುವವರು ಉಳಿದಿರಲಿಲ್ಲ.

ಸ್ಟೇ ಆದರೂ, ಪ್ರಿ-ಡೆಪಾಸಿಟ್ ಕಟ್ಟಿದರೂ ಬಡ್ಡಿ ನಿಲ್ಲುವುದಿಲ್ಲ. ಇದನ್ನು ಮರೆಯಬೇಡಿ. 2016ರ ಮಾರ್ಚ್‌ವರೆಗೆ ಶೇ. 18, ಅಲ್ಲಿಂದ ಶೇ. 15. 38 ಲಕ್ಷಕ್ಕೆ ಶೇ. 15 ಅಂದರೆ ವರ್ಷಕ್ಕೆ 5 ಲಕ್ಷದ 70 ಸಾವಿರ. ಸೋಲುವ ಕೇಸನ್ನು ಎಳೆದಷ್ಟೂ ಇದು ಬೆಳೆಯುತ್ತದೆ. ಕೈಯಲ್ಲಿ ದುಡ್ಡಿದ್ದು, ಗ್ರಾಮದ ಕಾಗದ ಗಟ್ಟಿ ಇಲ್ಲ ಅನಿಸಿದರೆ ಸುಂಕದ ಸ್ವಲ್ಪ ಭಾಗವನ್ನು ‘ತಕರಾರಿನೊಂದಿಗೆ’ ಎಂದು ಬರೆದು ಕಟ್ಟಿಬಿಡುವವರಿದ್ದಾರೆ. ಅಷ್ಟರ ಮಟ್ಟಿಗೆ ಬಡ್ಡಿ ನಿಲ್ಲುತ್ತದೆ, ಗೆದ್ದರೆ ವಾಪಸ್ ಕೇಳುವಾಗ ಒಂದು ವರ್ಷದ ಗಡುವೂ ಕಾಡುವುದಿಲ್ಲ. ಆದರೆ ಹಾಗೆ ಕಟ್ಟಿದ ಸುಂಕ ವಾಪಸ್ ಬೇಕಾದರೆ, ಅದರ ಹೊರೆಯನ್ನು ಗಿರಾಕಿಗೆ ದಾಟಿಸಿಲ್ಲ ಎಂದು ನೀವು ತೋರಿಸಬೇಕು. ದಾಟಿಸಿದ್ದೀರಿ ಎಂದೇ 12ಬಿ ಕಲಮು ಊಹಿಸಿಕೊಳ್ಳುತ್ತದೆ. ಮತ್ತೆ ಹೊಣೆ ನಿಮ್ಮ ಮೇಲೆ! ಪ್ರಿ-ಡೆಪಾಸಿಟ್‌ಗೆ ಈ ತಾಪತ್ರಯ ಇಲ್ಲ. ಗೆದ್ದರೆ ಅದು ಕಟ್ಟಿದ ದಿನದಿಂದ ಬಡ್ಡಿ ಸಮೇತ ವಾಪಸ್ ಬರುತ್ತದೆ.

ಮುಚ್ಚಿಟ್ಟ ಆರೋಪಕ್ಕೆ ಬರೋಣ. 2016ರ ಮೇ 14ರಿಂದ ನೋಟಿಸ್ ಕೊಡಲು ಸಾಮಾನ್ಯ ಅವಧಿ ಎರಡು ವರ್ಷ. ವಂಚನೆ, ಬೇಕಂತಲೇ ತಪ್ಪು ಹೇಳಿಕೆ, ಸಂಗತಿ ಮುಚ್ಚಿಡುವುದು ಇಂಥದ್ದು ಇದ್ದರೆ ಮಾತ್ರ ಐದು ವರ್ಷ. ನಿಮಗೆ ನೋಟಿಸ್ ಬಂದದ್ದು 2018ರ ಡಿಸೆಂಬರ್‌ನಲ್ಲಿ. ಸಣ್ಣ ಘಟಕಗಳ ರಿಟರ್ನ್ ಮೂರು ತಿಂಗಳಿಗೊಮ್ಮೆ. ಆ ಲೆಕ್ಕದಲ್ಲಿ ಎರಡು ವರ್ಷದೊಳಗೆ ಬರುವುದು 2016ರ ಅಕ್ಟೋಬರ್‌ನಿಂದ 2017ರ ಜೂನ್‌ವರೆಗಿನ ಒಂಬತ್ತು ತಿಂಗಳು ಮಾತ್ರ. ಉಳಿದ ಎರಡೂವರೆ ವರ್ಷ ನಿಂತಿರುವುದು ‘ಮುಚ್ಚಿಟ್ಟರು’ ಎಂಬ ಒಂದು ಪದದ ಮೇಲೆ. ವ್ಯಾಪಾರ ಎಲ್ಲ ತಿಂಗಳೂ ಒಂದೇ ಸಮ ಇದ್ದಿದ್ದರೆ, ಆ ಪದ ಬಿದ್ದುಹೋದ ದಿನ 38 ಲಕ್ಷ ಎಂಟೊಂಬತ್ತು ಲಕ್ಷಕ್ಕೆ ಇಳಿಯುತ್ತದೆ. ಸಮ ಪ್ರಮಾಣದ ದಂಡಕ್ಕೂ ಆಗ ಬುಡ ಇರುವುದಿಲ್ಲ.

ಸುಮ್ಮನಿದ್ದರು, ರಿಜಿಸ್ಟ್ರೇಷನ್ ಮಾಡಿಸಲಿಲ್ಲ, ಸುಂಕ ಕಟ್ಟಲಿಲ್ಲ ಎಂಬುದಷ್ಟೇ ಮುಚ್ಚಿಡುವುದಲ್ಲ. ವಿನಾಯಿತಿ ಇದೆ ಎಂದು ಪ್ರಾಮಾಣಿಕವಾಗಿ ನಂಬಿದ್ದರೆ ಅದು ವಂಚನೆ ಆಗುವುದಿಲ್ಲ. 1989ರ ಪದ್ಮಿನಿ ಪ್ರಾಡಕ್ಟ್ಸ್ ತೀರ್ಪಿನಿಂದ ಹಿಡಿದು 2013ರ ಯೂನಿವರ್ತ್ ಟೆಕ್ಸ್‌ಟೈಲ್ಸ್‌ವರೆಗೆ ಕೋರ್ಟ್ ಇದನ್ನು ಮತ್ತೆ ಮತ್ತೆ ಹೇಳಿದೆ, ಕೆಟ್ಟ ಉದ್ದೇಶ ಸಾಬೀತು ಮಾಡುವ ಹೊಣೆ ಇಲಾಖೆಯದ್ದೇ. ಆರ್ಡರಿನಲ್ಲಿ ಇದಕ್ಕೆ ಏನು ಕಾರಣ ಕೊಟ್ಟಿದ್ದಾರೆ ಓದಿ. ‘ಇಲಾಖೆಯ ತನಿಖೆಯಿಂದಷ್ಟೇ ಬೆಳಕಿಗೆ ಬಂತು’ ಎಂಬ ಮಾಮೂಲಿ ಸಾಲು ಮಾತ್ರ ಇದ್ದರೆ ಅದನ್ನು ಅಪೀಲಿನಲ್ಲಿ ಮೊದಲ ಕಾರಣ ಮಾಡಿ. ಆದರೆ ಒಂದು ಪ್ರಶ್ನೆಗೆ ಉತ್ತರ ಸಿದ್ಧ ಇರಲಿ. ವಹಿವಾಟು 90 ಲಕ್ಷ ಮುಟ್ಟಿದ ವಿನಾಯಿತಿ ಘಟಕಗಳು ಇಲಾಖೆಗೆ ಒಂದು ಡಿಕ್ಲರೇಷನ್ ಕೊಡಬೇಕಿತ್ತು. ನೀವು ಕೊಟ್ಟಿದ್ದರೆ ಅದರ ಸ್ವೀಕೃತಿ ಪ್ರತಿ ಹುಡುಕಿ, ಅದು ಬಂಗಾರ. ಅದರಲ್ಲಿ ಫ್ಯಾಕ್ಟರಿ ವಿಳಾಸ, ಬ್ರ್ಯಾಂಡ್ ವಿಷಯ ಇದ್ದರಂತೂ ಮುಚ್ಚಿಟ್ಟ ಮಾತೇ ಬರುವುದಿಲ್ಲ. ಕೊಟ್ಟಿಲ್ಲ ಅಂದರೆ ಇಲಾಖೆಯ ಕೈ ಸ್ವಲ್ಪ ಮೇಲಾಗುತ್ತದೆ. ಆಗ ವ್ಯಾಟ್ ರಿಟರ್ನ್, ಆದಾಯ ತೆರಿಗೆ ರಿಟರ್ನ್, ಬ್ರ್ಯಾಂಡ್ ಹೆಸರು ಬರೆದ ಇನ್‌ವಾಯ್ಸ್ ತೋರಿಸಿ, ಎಲ್ಲವೂ ಪುಸ್ತಕದಲ್ಲೇ ಇತ್ತು ಎಂದು ವಾದ ಮಾಡಬೇಕು.

ಎಲ್ಲ ಸೋತರೂ ಕೇಳಬೇಕಾದ ಎರಡು ವಿಷಯ ಇವೆ. ಇವನ್ನು ಬಹಳ ಜನ ಕೇಳುವುದೇ ಇಲ್ಲ. ನೀವು ಸುಂಕ ಬೇರೆಯಾಗಿ ವಸೂಲಿ ಮಾಡಿಲ್ಲ, ಆದ್ದರಿಂದ ಬಂದ ಬೆಲೆಯೊಳಗೇ ಸುಂಕ ಸೇರಿದೆ ಎಂದು ಲೆಕ್ಕ ಹಾಕಬೇಕು. 2002ರ ಮಾರುತಿ ಉದ್ಯೋಗ್ ತೀರ್ಪೂ ಇದೆ, ಆಮೇಲೆ 4ನೇ ಕಲಮಿಗೆ ಸೇರಿದ ವಿವರಣೆಯೂ ಇದೆ. ಬೀರು 11,250 ರೂಪಾಯಿಗೆ ಹೋಗಿದೆ ಅಂದುಕೊಳ್ಳಿ, ದರ ಶೇ. 12.5. ಬೆಲೆಯ ಮೇಲೆ ನೇರವಾಗಿ ಹಾಕಿದರೆ 1,406 ರೂಪಾಯಿ. ಬೆಲೆಯೊಳಗಿಂದ ತೆಗೆದರೆ 1,250. ನಿಮ್ಮ ಡಿಮ್ಯಾಂಡ್ ಯಾವ ರೀತಿ ಲೆಕ್ಕ ಹಾಕಿದ್ದಾರೆ ನೋಡಿ. ಮೇಲೆ ಹಾಕಿದ್ದರೆ ಅಲ್ಲೇ ನಾಲ್ಕು ಲಕ್ಷದಷ್ಟು ಕಡಿಮೆ ಆಗುತ್ತದೆ. ಎರಡನೆಯದು, ವಿನಾಯಿತಿ ಇಲ್ಲ ಅಂದಮೇಲೆ ಸ್ಟೀಲ್ ಶೀಟಿಗೆ ನೀವು ಕೊಟ್ಟ ಎಕ್ಸೈಸ್‌ನ ಕ್ರೆಡಿಟ್ ಕೊಡಬೇಕಲ್ವಾ? ಸುಂಕ ಬೇರೆ ತೋರಿಸಿದ ಖರೀದಿ ಇನ್‌ವಾಯ್ಸ್ ಇದ್ದಷ್ಟಕ್ಕೂ ಕೇಳಿ. ಅವಧಿ ಮೀರಿದೆ ಎಂಬ ತಕರಾರು ಬರುತ್ತದೆ, ಬರಲಿ.

ತಹಶೀಲ್ದಾರ್ ಪತ್ರ ಹೊಸ ಸಾಕ್ಷ್ಯ. ಕಮಿಷನರ್ (ಅಪೀಲ್ಸ್) ಮುಂದೆ ಹೊಸ ಸಾಕ್ಷ್ಯ ತರಲು ಅಪೀಲು ನಿಯಮಗಳ 5ನೇ ನಿಯಮದಡಿ ಕಾರಣ ಕೊಡಬೇಕು. ಮೊದಲೇ ಯಾಕೆ ಕೊಡಲಿಲ್ಲ ಎಂದು ಪ್ರತ್ಯೇಕ ಅರ್ಜಿಯಲ್ಲಿ ಬರೆಯಿರಿ. ನೀವು ಕೊಟ್ಟಿದ್ದನ್ನು ನೋಡದೆ ‘ಸಾಬೀತು ಮಾಡಿಲ್ಲ’ ಎಂದಿದ್ದರೆ ಅದನ್ನೂ ಹೇಳಿ. ಅರ್ಜಿ ಇಲ್ಲದೆ ಸುಮ್ನೆ ಲಗತ್ತಿಸಿದರೆ ಅದನ್ನು ಪಕ್ಕಕ್ಕಿಡುತ್ತಾರೆ.

ಇನ್ನೊಂದು ಆಯ್ಕೆಗೆ ನಿಮಗೆ ಎರಡು ವಾರ ಮಾತ್ರ ಉಳಿದಿದೆ. ಆರ್ಡರ್ ಸಿಕ್ಕ 30 ದಿನದೊಳಗೆ ಸುಂಕ, ಬಡ್ಡಿ ಎರಡನ್ನೂ ಕಟ್ಟಿ, ದಂಡದ ಶೇ. 25ನ್ನೂ ಅದೇ ಗಡುವಿನಲ್ಲಿ ಕಟ್ಟಿದರೆ ಉಳಿದ ದಂಡ ಬಿಡುತ್ತಾರೆ. ಜಾಗ ನಗರಸಭೆಗೆ ಸೇರಿತ್ತು, ಡಿಕ್ಲರೇಷನ್ ಕೊಟ್ಟಿಲ್ಲ, ಬೇರೆ ವಾದವೂ ಇಲ್ಲ ಎನ್ನುವವರಿಗೆ ಇದು ಸರಿ. ಈಗ ನೀವು ಬರೆದಷ್ಟರಿಂದ ನೋಡಿದರೆ ನಿಮಗೆ ಇದು ಬೇಡ ಅನಿಸುತ್ತದೆ. ಆದರೆ ಈ ವಾರವೇ ಪಹಣಿ ಮತ್ತು ಪಂಚಾಯಿತಿ ರಸೀದಿ ತೆಗೆಸಿ ನೋಡಿ ತೀರ್ಮಾನ ಮಾಡಿ, ಗಡುವು ಮುಗಿದ ಮೇಲೆ ಅಲ್ಲ.

ಡೀಲರ್ ಹತ್ತಿರ ವಸೂಲಿ ಬಗ್ಗೆ ಕೇಳಿದ್ದೀರಿ. ‘ಮುಂದೆ ಯಾವುದೇ ಸುಂಕ ಬಂದರೆ ಖರೀದಿದಾರರೇ ಕೊಡಬೇಕು’ ಎಂದು ಬರಹದಲ್ಲಿ ಕರಾರು ಇಲ್ಲದಿದ್ದರೆ ಕಷ್ಟ. ಕರಾರು ಇದ್ದರೂ ಇಷ್ಟು ಹಳೇ ವ್ಯವಹಾರಕ್ಕೆ ಕಾಲಮಿತಿಯ ಪ್ರಶ್ನೆ ಏಳುತ್ತದೆ, ಅದನ್ನು ಸಿವಿಲ್ ವಕೀಲರಿಗೆ ತೋರಿಸಿ. ಏನೇ ಆದರೂ ಅಪೀಲು ಬಾಕಿ ಇರುವಾಗ ಆ ಡೀಲರ್‌ಗೆ ‘ಇಷ್ಟು ಎಕ್ಸೈಸ್ ಕೊಡಿ’ ಎಂದು ಡೆಬಿಟ್ ನೋಟ್ ಕಳಿಸಬೇಡಿ. ಬೆಲೆಯೊಳಗೇ ಸುಂಕ ಸೇರಿತ್ತು ಎಂದು ಇಲ್ಲಿ ವಾದ ಮಾಡುತ್ತಾ ಅಲ್ಲಿ ಸುಂಕ ಬೇರೆ ಕೇಳಿದರೆ, ಆ ಡೆಬಿಟ್ ನೋಟನ್ನೇ ಇಲಾಖೆ ನಿಮ್ಮ ವಿರುದ್ಧ ಇಡುತ್ತದೆ. ಅವರು ಕೊಟ್ಟುಬಿಟ್ಟರೆ ಇನ್ನೂ ಫಜೀತಿ. ಸುಂಕದ ಹೆಸರಲ್ಲಿ ವಸೂಲಿ ಮಾಡಿದ ಹಣವನ್ನು 11ಡಿ ಕಲಮಿನ ಪ್ರಕಾರ ಸರ್ಕಾರಕ್ಕೇ ಕಟ್ಟಬೇಕು, ನೀವು ಕೇಸು ಗೆದ್ದರೂ ಅದು ನಿಮ್ಮ ಕೈಗೆ ವಾಪಸ್ ಬರುವುದಿಲ್ಲ.